ಡುಕ್ಕರಿನ ಮೂತಿ

ಬೆಳಗಾವಿಯ ಫೋರ್ಟ್ ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ಗಲ್ಲಿಯಲ್ಲಿ ಜಿನಪಾಲ ಮಗದುಮ್ಮ ಹಳೆಯ ಕಾರುಗಳ ಬಾಡಿ ಪಾರ್ಟು ಮಾರುತ್ತಾನೆ, ಸಿಟ್ಟನ್ನು ಪುಕ್ಕಟೆ ಹಂಚುತ್ತಾನೆ. ಪಾರ್ಟು ಎಲ್ಲರಿಗೂ ಸಿಗುವುದಿಲ್ಲ. ಸಿಟ್ಟು ಮಾತ್ರ ಅಂಗಡಿಯ ಮೆಟ್ಟಿಲು ಹತ್ತಿದವರಿಗೆಲ್ಲ ಸಿಗುತ್ತದೆ. ಹತ್ತದೆ ಮುಂದೆ ಹಾಯ್ದು ಹೋದವರಿಗೂ ಒಮ್ಮೊಮ್ಮೆ ಸಿಕ್ಕಿದ್ದುಂಟು.

ಅವನ ಅಣ್ಣಂದಿರದು ರವಿವಾರ ಪೇಟೆಯಲ್ಲಿ ಕಿರಾಣಿಯ ಸಗಟು ವ್ಯಾಪಾರ. ಅವರ ಬೆಲ್ಲ ಹಳೆಯದಾದರೆ ಬೆಲೆ ಇಳಿಯುತ್ತದೆ, ತನ್ನ ಬಾಗಿಲು ಬಾನೆಟ್ಟು ಹಳೆಯದಾದಷ್ಟೂ ಏರುತ್ತದೆ ಎಂದು ಯೋಚಿಸಿ ಅವನು ಹರೆಯದಲ್ಲಿಯೇ ಬೇರೆ ದಾರಿ ಹಿಡಿದ. ಯೋಚನೆ ಸರಿಯೇ ಇತ್ತು. ಬೆಲ್ಲ ಎಲ್ಲರಿಗೂ ಬೇಕು, ಐವತ್ತರ ದಶಕದ ಕಾರಿನ ಬಾಗಿಲು ಬೇಕೆನ್ನುವವರನ್ನು ಕಾಯುತ್ತ ಕೂರಬೇಕು ಎಂಬುದಷ್ಟೇ ಅದರಲ್ಲಿ ಬಿಟ್ಟುಹೋಗಿತ್ತು. ಹಾಗೆ ಕಾಯುತ್ತ ಕೂತಲ್ಲಿಯೇ ಅವನಿಗೆ ಅರವತ್ತು ದಾಟಿತು.

ಅವನ ಅಂಗಿಯ ಕಿಸೆಯಲ್ಲಿ ದಾರ ಕಟ್ಟಿದ ಒಂದು ಚುಂಬಕ ಇರುತ್ತದೆ. ಯಾವ ಕಾರು ಕಂಡರೂ ಅದರ ಮೈಗೆ ಹಚ್ಚಿ ನೋಡುವುದು ಅವನ ಚಟ. ಅಸಲು ತಗಡಾದರೆ ಚುಂಬಕ ಕಚ್ಚಿಕೊಳ್ಳುತ್ತದೆ. ತಗ್ಗು ಬಿದ್ದಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಕೆಳಗೆ ಜಾರುತ್ತದೆ. ಮಗಳು ಶರ್ವರಿಯನ್ನು ನೋಡಲು ಬಂದ ವರನ ಕಾರಿಗೂ ಹಚ್ಚಿ, "ಎಡಗಡೆ ಬಾಗಲಕ್ಕ ಪುಟ್ಟಿ ಐತಿ, ಎಲ್ಲೋ ಬಡದಾರ" ಎಂದು ಚಹಾ ಬರುವುದರೊಳಗೇ ಬೀಗರ ಮುಂದೆ ಸಾರಿಬಿಟ್ಟಿದ್ದ. ಲಗ್ನವೇನೋ ಆಯಿತು. ಆದರೆ ಅಳಿಯ ಸುಯೋಗ ಇವತ್ತಿಗೂ ಮಾವನ ಮನೆಗೆ ಬಸ್ಸಿನಲ್ಲಿಯೇ ಬರುತ್ತಾನೆ.

ಈ ಮನುಷ್ಯನ ಹೆಸರು ಪಣಕ್ಕೆ ಬಿದ್ದದ್ದು ಬಾಳಾಸಾಹೇಬರ ಕಾರಿನ ದೆಸೆಯಿಂದ.

ಬಾಳಾಸಾಹೇಬರು ಟಿಳಕವಾಡಿಯ ದೊಡ್ಡ ಮನೆಯವರು, ಬಸದಿಯ ಪಂಚರಲ್ಲಿ ಒಬ್ಬರು, ನಗೆಗಾರರು. ಅವರ ತಂದೆ ಕೊಂಡ ಹಳೆಯ ಫಿಯಾಟ್ ಒಂದು ಮನೆಯ ಹಿಂದೆ ನಿಂತಿತ್ತು. ದುಂಡು ಮೈ, ಮೇಲೆದ್ದ ಬೆನ್ನು, ಗಿಡ್ಡ ಮೂತಿ. ಈ ಗಾಡಿಯ ಆಕಾರ ನೋಡಿ ಮುಂಬಯಿಯಿಂದ ಬೆಳಗಾವಿಯ ತನಕ ಗ್ಯಾರೇಜಿನವರೆಲ್ಲ ಇದಕ್ಕೆ ಇಟ್ಟ ಹೆಸರು ಡುಕ್ಕರ್. ಡುಕ್ಕರ್ ಅಂದರೆ ಮರಾಠಿಯಲ್ಲಿ ಹಂದಿ. ಹೆಸರು ಅದಾದ ಮೇಲೆ ಅಂಗಾಂಗಗಳೂ ಅದರಂತೆಯೇ ಬಂದವು: ಮುಂದಿನ ಜಾಳಿಗೆಯಿರುವ ತಗಡು ಮೂತಿ, ಅದರ ಎರಡೂ ಕಡೆಯ ಮಡ್‌ಗಾರ್ಡು ಕಿವಿ, ಕೆಳಗಿನ ತಗಡು ಹೊಟ್ಟೆ. ಈ ಧಂದೆಯಲ್ಲಿ ಇದ್ದವರಾರೂ ಆ ಶಬ್ದ ಕೇಳಿ ನಗುವುದಿಲ್ಲ, ಹೇಸುವುದೂ ಇಲ್ಲ. ಜಿನಪಾಲನಂತೂ ಜೈನ, ನೆಲದೊಳಗೆ ಬೆಳೆದದ್ದೆಂದು ಬಟಾಟಿ ಸಹ ತಿನ್ನದವನು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವನು. ದಿನಕ್ಕೆ ಎಷ್ಟು ಸಲ ಡುಕ್ಕರ್ ಅನ್ನುತ್ತಿದ್ದನೋ, ಅದರಲ್ಲಿ ಒಂದು ಸಲವೂ ಅವನ ಕಣ್ಣ ಮುಂದೆ ಪ್ರಾಣಿ ಬಂದಿರಲಿಲ್ಲ.

ಬಾಳಾಸಾಹೇಬರ ಡುಕ್ಕರಿನ ಮೂತಿ ಎಂದೋ ಜಜ್ಜಿಹೋಗಿ, ಯಾರೋ ಅದರ ತುಂಬ ಪುಟ್ಟಿ ತುಂಬಿದ್ದರು. ಗಾಡಿಯನ್ನು ಮೊದಲಿನಂತೆ ಮಾಡಿಸಬೇಕೆಂದು ಅವರಿಗೆ ಹುಕಿ ಬಂತು. ಡೆಂಟಿಂಗ್ ಕೆಲಸದ ಈರಯ್ಯ ಆ ಮೂತಿಯನ್ನು ಬಿಚ್ಚಿ ಒಗೆದ. ಬಸದಿಯ ಅಂಗಳದಲ್ಲಿ ನಾಲ್ಕು ಮಂದಿಯ ನಡುವೆ ಬಾಳಾಸಾಹೇಬರು, "ಸಿಗತೈತೇನೋ ಒರಿಜಿನಲ್ ಮೂತಿ? ಆಗಲಿಲ್ಲಂದ್ರ ಈಗಽ ಹೇಳು, ಕೊಲ್ಹಾಪುರದಾಗ ಫೈಬರಿಂದು ಮಾಡಿಕೊಡತಾರಂತ" ಅಂದರು.

ಫೈಬರ್ ಎಂಬ ಶಬ್ದ ಕೇಳಿ ಜಿನಪಾಲನ ನೆತ್ತಿಗೆ ಏರಿತು. "ಫೈಬರ್ ಮೂತಿ ಹಚ್ಚಿದ ಗಾಡಿ ನನ್ನ ಅಂಗಡಿ ಮುಂದ ಹಾಯಬಾರದು! ಒರಿಜಿನಲ್ ತಂದು ಕೊಡತೀನಿ. ಇಲ್ಲಂದ್ರ ಅಂಗಡಿ ಮುಚ್ಚಿ ಶೇಂಗಾ ಮಾರತೀನಿ, ಎಲ್ಲಾರೂ ಕೇಳ್ರಿ!"

ಎಲ್ಲರೂ ಕೇಳಿದರು. ಕೇಳಿದವರು ಮರೆಯಲಿಲ್ಲ. ಮುಂಬಯಿ, ಪುಣೆ, ಹುಬ್ಬಳ್ಳಿ, ಎಲ್ಲಿ ಕೇಳಿದರೂ ಮೂತಿ ಇಲ್ಲ. ವರುಷ ಉರುಳಿ ಇನ್ನೊಂದು ವರುಷ ಬಂತು. ಗಾಡಿ ಮೂತಿಯಿಲ್ಲದೆ ಈರಯ್ಯನ ಶೆಡ್ಡಿನಲ್ಲಿ ರೇಡಿಯೇಟರ್ ತೋರಿಸಿಕೊಂಡು ನಿಂತಿತು. ಬಸದಿಗೆ ಹೋದರೆ ಚಪ್ಪಲಿ ಬಿಡುವಲ್ಲಿಯೇ ಯಾರಾದರೂ ಒಬ್ಬರು, "ಶೇಂಗಾ ಹೆಂಗ್ರಿ ಜಿನಪಾಲಣ್ಣಾ, ಹುರಿದದ್ದೋ ಹಸಿದೋ?" ಎಂದು ಕೇಳುವರು. ಕೊನೆಗೆ ಬಾಳಾಸಾಹೇಬರು ಮಾತು ಮುಗಿಸಿದರು: ಈ ತಿಂಗಳು ನೋಡುತ್ತೇನೆ, ಆಮೇಲೆ ಕೊಲ್ಹಾಪುರವೇ ಗತಿ.

ಅಷ್ಟರಲ್ಲಿ ಬಸಯ್ಯ ಬಂದ. ಈತ ಖಾನಾಪುರ ತಾಲೂಕಿನ ಊರೂರು ತಿರುಗಿ ಹಳೇ ಕಬ್ಬಿಣ ಕೊಳ್ಳುವವನು. ನಂದಗಡದ ಸಂತೆ ಮುಗಿಸಿ ಗುಂಜಿಗೆ ಹೋಗಿದ್ದನಂತೆ. "ಅಲ್ಲೆ ಬಂಡೆಪ್ಪ ಅನ್ನಾವರ ಹಿತ್ತಲದಾಗ ಡುಕ್ಕರ್ ಮೂತಿ ಕಂಡೆ ನೋಡ್ರಿ. ಅದಽ, ನೀವು ಫೋಟೋ ತೋರ್ಸಿದ್ರೆಲ್ಲಾ, ಅದಽ. ಹಿಂದಕ ಕಟ್ಟಿಗಿ ಗುತ್ತೇದಾರಂದು ಗಾಡಿ ಹಳ್ಳದಾಗ ಬಿದ್ದಿತ್ತಂತ, ಮಂದಿ ಕೈಗೆ ಸಿಕ್ಕದ್ದು ಒಯ್ದಾರ. ನಾ ಕೇಳಲಿಲ್ಲ. ಕೇಳಿದ್ರ ಅವರಿಗೆ ಕಿಮ್ಮತ್ತು ತಿಳೀತೈತಿ." ಹೀಗೆ ಹೇಳಿ ಬಂಡೆಪ್ಪನ ಫೋನ್ ನಂಬರನ್ನೂ ಕೊಟ್ಟ. ಬಸಯ್ಯ ಶಾಣ್ಯಾ ಮನುಷ್ಯ. ಅವನು ಅಂದೇ ಅಲ್ಲಿ ಬಾಯಿಬಿಟ್ಟು ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಜಿನಪಾಲ ನಿಂತ ಕಾಲ ಮೇಲೆ ಫೋನು ಹಚ್ಚಿದ.

"ಬಂಡೆಪ್ಪನವರೇನ್ರಿ? ನಾ ಬೆಳಗಾವಿಯಿಂದ ಜಿನಪಾಲ ಮಗದುಮ್ಮ. ನಿಮ್ಮಲ್ಲೆ ಡುಕ್ಕರ್ ಮೂತಿ ಐತಂತ ಕೇಳೇನಿ."

"ಏನ್ ಐತಂತ್ರಿ?"

"ಡುಕ್ಕರ್ ಮೂತಿ. ಹಳೇದು. ಹಳೇದಿದ್ದಷ್ಟು ಚಲೋ."

"ನಮ್ಮಲ್ಲೆ ಅಂಥಾದ್ದೇನೂ ಇಲ್ರಿ, ಯಪ್ಪಾ."

ಮಾರುವವರು ಮೊದಲಿಗೆ ಇಲ್ಲವೆಂದೇ ಅನ್ನುತ್ತಾರೆ. ಇಲ್ಲ ಅಂದಷ್ಟೂ ಇದೆ ಎಂದು ತಿಳಿಯುವುದು ವ್ಯಾಪಾರದ ಮೊದಲ ಪಾಠ. ಜಿನಪಾಲ ದನಿ ಮೆತ್ತಗೆ ಮಾಡಿದ.

"ಇಲ್ಲ ಅನಬ್ಯಾಡ್ರಿ, ನೋಡಿದವರಽ ಹೇಳ್ಯಾರ. ಕಿವಿ ಇದ್ರ ಎರಡೂ ಕಿವೀನೂ ಒಯ್ತೀನಿ. ಹೊಟ್ಟಿ ಕೆಳಗಿಂದು ಇದ್ರೂ ನಡೀತೈತಿ. ಆದ್ರ ಒಂದ ಮಾತು, ನೀವು ಕೊಯ್ಯಾಕ ಹೋಗಬ್ಯಾಡ್ರಿ. ನಿಮ್ಮ ಕಡೆ ಮಂದಿ ಗಡಿಬಿಡಿಲೆ ಕೊಯ್ದು ಹಾಳ ಮಾಡತಾರ. ನಾನಽ ಬಂದು ಸಾವಕಾಶ ಬಿಚ್ಚಕೊಂಡು ಹೋಗತೀನಿ."

"ನೀವು ಯಾವ ಪೈಕಿ ಅಂದ್ರಿ?"

"ನಾವು ಜೈನರ್ರಿ."

"ಜೈನರು... ನಿಮಗ ಎದಕ ಬೇಕ್ರಿ ಅದು?"

"ನನಗಲ್ಲ. ನಮ್ಮ ಸಮಾಜದ ಹಿರ್ಯಾರು ಬಾಳಾಸಾಹೇಬರಂತ ಅದಾರ, ಅವರಿಗೆ. ಅದು ಬೇಕಂತ ನನ್ನ ಜೀಂವಾ ತಿನ್ನಾಕತ್ತಾರ. ನಾಳೆ ಮುಂಜಾನೆ ಬರತೀನ್ರಿ."

ಫೋನು ಇಟ್ಟು ಜಿನಪಾಲ ಕೈ ತಿಕ್ಕಿಕೊಂಡ. ಆ ಕಡೆ ಫೋನು ಇಟ್ಟ ಬಂಡೆಪ್ಪ ಎದ್ದು ಹೋಗಿ ಬಾಗಿಲು ಹಾಕಿದ.

ಅವನ ಹೆದರಿಕೆಯೂ ಸುಳ್ಳಲ್ಲ. ಬಂಡೆಪ್ಪನ ಮನೆತನ ಕುರಿ ಕಾಯ್ದುಕೊಂಡು ಬಂದದ್ದು. ಈಗ ಕುರಿ ಕಡಿಮೆಯಾಗಿ ಹೊಲ ಹೆಚ್ಚಾಗಿದೆ. ಗುಂಜಿಯಲ್ಲಿ ಅಡವಿ ಹಿತ್ತಿಲಿಗೇ ಹತ್ತಿಕೊಂಡಿದೆ, ಕಾಡುಹಂದಿ ರಾತ್ರಿ ಗದ್ದೆಗೆ ಇಳಿಯುತ್ತದೆ. ಅದನ್ನು ಹೊಡೆದರೆ ಕೇಸು. ಮಗ ಸೋಮಲಿಂಗ ಅರಣ್ಯ ಖಾತೆಯಲ್ಲಿ ದಿನಗೂಲಿಯ ವಾಚರ್. ಹಂದಿ ಹೊಡೆಯುವವರನ್ನು ಹಿಡಿಯುವುದೇ ಅವನ ಕೆಲಸ, ಮತ್ತು ಆ ಕೆಲಸ ಕಾಯಂ ಆಗುವ ಮಾತು ಆಗಷ್ಟೇ ನಡೆದಿತ್ತು. ಅಂಥವನ ಮನೆಗೆ ಫೋನು ಮಾಡಿ ಬೆಳಗಾವಿಯ ಯಾರೋ ಸಾವ್ಕಾರ ಹಂದಿಯ ಮೂತಿ, ಕಿವಿ, ಹೊಟ್ಟೆ ಕೇಳುತ್ತಾನೆ! ಕೊಯ್ಯುವುದನ್ನು ತಾನೇ ಮಾಡುತ್ತೇನೆ ಅನ್ನುತ್ತಾನೆ!

"ಅಪ್ಪಾ, ಇದು ನನ್ನ ನೌಕರಿ ತಿನ್ನಾಕ ಯಾರೋ ಹೂಡಿದ್ದು," ಅಂದ ಸೋಮಲಿಂಗ. "ನಾವಽ ಮೊದಲ ಸಾಹೇಬ್ರಿಗೆ ಹೇಳಿಬಿಡೂಣು."

ಹೇಳಿಬಿಟ್ಟರು.

ಮರುದಿನ ಮುಂಜಾನೆ ಜಿನಪಾಲ ಈರಯ್ಯನ ಟೆಂಪೊದಲ್ಲಿ ಹೊರಟ. ಹೆಂಡತಿ ಜಿನಮತಿ ಅವಲಕ್ಕಿಯ ಡಬ್ಬಿ ಕಟ್ಟಿಕೊಟ್ಟಿದ್ದಳು. ಖಾನಾಪುರ ದಾಟುವ ತನಕ ಅವನ ಬಾಯಿ ನಿಲ್ಲಲಿಲ್ಲ. ಅಸಲು ತಗಡನ್ನು ಕರಗಿಸಿ ಗಟಾರದ ಮುಚ್ಚಳ ಮಾಡುವವರ ಮೇಲೆ ಒಂದಿಷ್ಟು ಬೈಗುಳ, ಫೈಬರ್ ಮಾಡುವವರ ಮೇಲೆ ಇನ್ನಷ್ಟು. ಈರಯ್ಯ ಬೀಡಿ ಎಂಬ ಊರಿನ ಕಡೆಯವನು, ಹೊಗೆಸೊಪ್ಪು ಹಾಕಿಕೊಂಡ ಬಾಯಿಯಿಂದ ಒಮ್ಮೆ ಮಾತ್ರ, "ಅಲ್ರಿ ಅಣ್ಣಾರ, ಫೋನಿನ್ಯಾಗ ಗಾಡಿ ಅಂತ ಹೇಳಿರಿಲ್ಲೋ?" ಎಂದು ಕೇಳಿದ.

"ಡುಕ್ಕರ್ ಅಂದೆ. ಗಾಡಿ ಅಂತ ಬ್ಯಾರೆ ಹೇಳಬೇಕೇನು? ನೀರಿಗೆ ಹಸಿ ನೀರು ಅಂತಾರೇನು?"

ಈರಯ್ಯ ಗೇರು ಬದಲಿಸಿದ.

ಬಂಡೆಪ್ಪನ ಅಂಗಳದಲ್ಲಿ ಅವರನ್ನು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. "ಬರ್ರಿ ಸಾವ್ಕಾರ್ರ, ಕುಂದರ್ರಿ" ಎಂದು ಬಂಡೆಪ್ಪ ಹೊರಸು ತೋರಿಸಿದ. ಅವನ ಹೆಂಡತಿ ಸತ್ಯವ್ವ ತಾಮ್ರದ ತಂಬಿಗೆಯಲ್ಲಿ ನೀರು ತಂದಿಟ್ಟು, ಹಿಂದೆ ಸರಿದು ಕೈಕಟ್ಟಿ ನಿಂತಳು. ಜಿನಪಾಲ ನೀರು ಕುಡಿದು ಬಾಯಿ ಒರೆಸುವಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಅರಣ್ಯ ಖಾತೆಯ ಖಾಕಿಯವರು ಇಬ್ಬರು ಬಂದರು. ಅವರ ಹಿಂದೆ ಸೋಮಲಿಂಗ, ಅವನ ಹಿಂದೆ ಅರ್ಧ ಊರು.

"ಚೀಲದಾಗ ಏನೈತ್ರಿ?" ಎಂದು ಕೇಳಿದರು ಹಿರಿಯ ಖಾಕಿಯವರು.

"ಸಾಮಾನು."

"ತಗೀರಿ."

ಗೋಣಿಚೀಲ ಬಿಚ್ಚಿದರು. ರಬ್ಬರು ಪಟ್ಟಿ ಕೊಯ್ಯಲು ತಂದ ಉದ್ದ ಚೂರಿ ಮೊದಲು ಬಂತು. ಆಮೇಲೆ ಒಂದು ಸುತ್ತಿಗೆ. ತಗಡಿಗೆ ಗೀರು ಬೀಳಬಾರದೆಂದು ತಂದ ಪ್ಲಾಸ್ಟಿಕ್ ಹಾಳೆ, ಹಳೆಯ ಚಾದರ, ಹಗ್ಗ. ತುಕ್ಕು ಹಿಡಿದ ಬೋಲ್ಟು ಸಡಿಲಾಗಲೆಂದು ತಂದ ಸೀಮೆಎಣ್ಣೆ ಬಾಟಲಿ. ಒಂದೊಂದು ಹೊರಬಂದಾಗಲೂ ಜನ "ಹೋ" ಅಂದರು. ಬೋಲ್ಟು ಬಿಚ್ಚುವ ಪಾನಾ ಹೊರಬರುವ ಹೊತ್ತಿಗೆ ಅದನ್ನು ನೋಡುವವರಾರೂ ಇರಲಿಲ್ಲ, ಎಲ್ಲರ ಕಣ್ಣೂ ಚೂರಿಯ ಮೇಲೆ. ಗುಂಪಿನಲ್ಲಿ ಒಬ್ಬ ಫೋನು ಎತ್ತಿ ಹಿಡಿದು ವಿಡಿಯೋ ಮಾಡತೊಡಗಿದ್ದ.

"ಜೈನರಂತೀರಿ, ವಯಸ್ಸಾಗೈತಿ," ಅಂದರು ಖಾಕಿಯವರು, ಬೇಸರದಿಂದ. "ಡುಕ್ಕರ್ ಮೂತಿ ಬೇಕಾತೇನ್ರಿ ನಿಮಗ? ನಾಚಿಕಿ ಬರಂಗಿಲ್ಲ?"

"ನಾಚಿಕಿ ಎದಕ? ಎಲ್ಲಾ ಕಡೆ ಹುಡುಕೇನಿ, ಎಲ್ಲೂ ಸಿಕ್ಕಿಲ್ಲ! ಇವರ ಹಿತ್ತಲದಾಗ ಐತಿ, ಇಲ್ಲ ಅಂತಾರ. ಇವರನ್ನ ಕೇಳ್ರಿ ನೀವು!"

"ಕೇಳಿದ್ರೆಲ್ಲಾ!" ಎಂದು ಸತ್ಯವ್ವ ಮುಂದೆ ಬಂದಳು. ಅಲ್ಲಿಯ ತನಕ ತಡೆದಿದ್ದ ಮಾತು ಒಮ್ಮೆಲೇ ಹೊರಬಿತ್ತು. "ನನ್ನ ಅಂಗಳದಾಗ ಕುಂತು, ನನ್ನ ನೀರು ಕುಡದು, ನಮ್ಮ ಮ್ಯಾಲೆನಽ ಹೊರಸತಾನ ನೋಡ್ರಿ! ಎಲ್ಲೈತಿ ತೋರ್ಸೋ ಮುದುಕಾ, ಎಲ್ಲೈತಿ ಹಂದಿ?"

ಹಂದಿ ಎಂಬ ಶಬ್ದ ಕನ್ನಡದಲ್ಲಿ ಕಿವಿಗೆ ಬಿದ್ದಾಗಲೇ ಜಿನಪಾಲನಿಗೆ ವಿಷಯ ಹೊಳೆದದ್ದು. ಮೊದಲು ಅವನ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು. ಕೈ ಎತ್ತಿ ಕೊಟ್ಟಿಗೆಯ ಬಾಜೂಕಿನ ಕೋಳಿಗೂಡಿನ ಕಡೆಗೆ ತೋರಿಸಿದ.

ಮಣ್ಣಿನ ಗೋಡೆಯ ಆ ಗೂಡಿಗೆ ಕಿಂಡಿಯಾಗಿ ಕೂಡಿಸಿದ್ದು ಒಂದು ತಗಡು. ದುಂಡಗಿನ ಅಂಚು, ನಡುವೆ ಅಡ್ಡ ಪಟ್ಟಿಗಳ ಜಾಳಿಗೆ. ಹಳೆಯ ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ಪಟ್ಟಿಗಳ ನಡುವಿನಿಂದ ಒಂದು ಹ್ಯಾಟೆ ಕತ್ತು ಹೊರಹಾಕಿ ನೆರೆದ ಮಂದಿಯನ್ನು ನೋಡುತ್ತಿತ್ತು.

"ಅದಽ!" ಎಂದು ಕಿರಿಚಿದ ಜಿನಪಾಲ. "ಅದಽ ಡುಕ್ಕರ್! ಗಾಡಿ! ಫಿಯಾಟ್ ಗಾಡಿ!" ಕಿಸೆಯಿಂದ ಚುಂಬಕ ತೆಗೆದು ಓಡಿಹೋಗಿ ತಗಡಿಗೆ ಹಚ್ಚಿದ. ಟಕ್ಕನೆ ಕಚ್ಚಿಕೊಂಡಿತು. ಪುಟ್ಟಿಯ ಹೆಸರಿಲ್ಲ. ಅಷ್ಟು ಸಿಟ್ಟಿನಲ್ಲಿಯೂ ಅವನ ಕೈ ತಾನಾಗಿ ಆ ತಗಡನ್ನು ಒಮ್ಮೆ ಸವರಿತು. ಫೋನು ತೆಗೆದು ಬಾಳಾಸಾಹೇಬರ ಗಾಡಿಯ ಫೋಟೋ ಖಾಕಿಯವರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ.

ಖಾಕಿಯವರು ಫೋಟೋ ನೋಡಿದರು, ಕೋಳಿಗೂಡು ನೋಡಿದರು. ನಗು ಮೊದಲು ಕಿರಿಯವರಿಂದ ಹೊರಟಿತು, ಆಮೇಲೆ ಹಿರಿಯವರಿಗೂ ತಡೆಯಲಾಗಲಿಲ್ಲ. ಅಂಗಳವೆಲ್ಲ ನಕ್ಕಿತು. ನಗದೆ ಇದ್ದವರು ಇಬ್ಬರು: ಜಿನಪಾಲ ಮತ್ತು ಸತ್ಯವ್ವ.

ಖಾಕಿಯವರು ಸೋಮಲಿಂಗನ ಬೆನ್ನು ತಟ್ಟಿ ಹೊರಟರು. ಆಗ ಜಿನಪಾಲನ ಫೋನು ರಿಂಗಾಯಿತು. ಜಿನಮತಿ.

"ಎಲ್ಲಿದ್ದೀರಿ? ಜೇಲಿನ್ಯಾಗೋ, ಹೊರಗೋ?"

"ಏನ ಮಾತಾಡತೀ?"

"ನಮ್ಮ ಬಸದಿ ಗ್ರೂಪಿನ್ಯಾಗ ನಿಮ್ಮ ವಿಡಿಯೋ ಬಂದೈತಿ. ಗುಂಜ್ಯಾಗ ಇರೂ ಯಾರದೋ ಬೀಗರು ಕಳಸ್ಯಾರ. ಚೂರಿ, ಚೀಲ, ಖಾಕಿ, ನೀವು. ನಮ್ಮ ಓಣಿ ಪೂನಮ್ ಫೋನ್ ಮಾಡಿದ್ಲು. ನಮ್ಮವರು ಬಟಾಟಿ ಸುದ್ಧಾ ಮುಟ್ಟಂಗಿಲ್ಲವಾ ಅಂದೆ. 'ಬಟಾಟಿ ಅಲ್ಲ ವೈನಿ, ಡುಕ್ಕರ್' ಅಂದ್ಲು."

"ಅದು ಗಾಡಿ ಅಂತ ಹೇಳಲಿಲ್ಲೇನು ನೀ?"

"ಹೇಳಿದೆ. ಗಂಡನ್ನ ಉಳಸ್ಕೊಳ್ಳಾಕ ಹೇಳಾಕತ್ತಾಳಂದ್ರು. ಬಾಳಾಸಾಹೇಬ್ರಾದರೂ ಹೇಳತಾರಂತ ಕಾದೆ. ಅವರದಽ ಗಾಡಿ, ಅವರಿಗೆ ಗೊತ್ತಿಲ್ಲೇನು?"

"ಏನಂದ್ರು ಅವರು?"

"ಹಲ್ಲು ಕಿಸಿಯೂ ಚಿತ್ರ ಹಾಕ್ಯಾರ. ನಾಕು."

ಜಿನಪಾಲ ಹೊರಸಿನ ಮೇಲೆ ಕುಸಿದು ಕುಳಿತ. ಊರವರು ತಿಳಿಯದೆ ಅಂದರು, ಖಾಕಿಯವರು ತಿಳಿಯದೆ ಅಂದರು, ಅದು ಬೇರೆ. ಆದರೆ ಯಾರ ಸಲುವಾಗಿ ಈ ಅಡವಿಗೆ ಬಂದು ಚೂರಿಯೊಂದಿಗೆ ಸಿಕ್ಕುಬಿದ್ದನೋ, ಯಾರ ತಂದೆಯ ಕಾಲದಿಂದ ಆ ಗಾಡಿಯ ಹೆಸರು ಮನೆಮಾತಾಗಿತ್ತೋ, ಆ ಮನುಷ್ಯ ಒಂದು ಸಾಲು ಬರೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಬರೆಯಲಿಲ್ಲ. ತಮಾಷೆ ನೋಡಿದ. ಈಗ ಈ ಮೂತಿ ಇಲ್ಲದೆ ಊರಿಗೆ ಹೋದರೆ ಶೇಂಗಾ ಅಂಗಡಿಯ ಮಾತಿನ ಜೊತೆಗೆ ಇನ್ನೊಂದು ಮಾತೂ ಜೀವ ಇರುವ ತನಕ ಬೆನ್ನು ಬಿಡುವುದಿಲ್ಲ.

"ಏಳೋ ಈರಯ್ಯಾ, ಬೋಲ್ಟು ಸಡ್ಲ ಮಾಡು."

"ಯಾರ ಗೂಡಿಗೆ ಕೈ ಹಚ್ಚತೀಯೋ?" ಎಂದು ಸತ್ಯವ್ವ ಗೂಡಿನ ಮುಂದೆ ನಿಂತಳು.

"ಯವ್ವಾ, ಹೊಸಾ ಗೂಡು ಮಾಡಿಸಿ ಕೊಡತೀನಿ. ನೀ ಹೇಳಿದ್ದು ಕೊಡತೀನಿ."

"ನಿನ್ನ ರೊಕ್ಕಾ ಯಾರಿಗೆ ಬೇಕು? ಮೊದಲ ತಪ್ಪಾತಂತ ಹೇಳು."

ಜಿನಪಾಲ ಎಗರಿಬಿದ್ದ. "ನಾನು? ನಾ ಹೇಳಬೇಕು? ಬೆಳಗಾವಿ ತುಂಬ ನನ್ನ ಹೆಸರು ಕೆಡಸೀರಿ, ನೀವು ಹೇಳಬೇಕು ನನಗ!"

"ನಿನ್ನ ಹೆಸರು ಹೋದ್ರ ಬೆಳಗಾವ್ಯಾಗ ಹೋತು, ನಾಕ ದಿವಸ ನಕ್ಕು ಬಿಡತಾರ. ನನ್ನ ಮಗಂದು ನೌಕರಿ ಹೋಗತಿತ್ತು. ಫೋನ್ ಮಾಡಿ ಮೂತಿ ಕೊಡು, ಕಿವಿ ಕೊಡು ಅಂತೀ. ನಿಮ್ಮೂರಾಗ ಹಂಗಽ ಕೇಳತಾರೇನು ಒಬ್ರ ಮನಿಗೆ? ನಾವೇನು ಕಸಾಯಿ ಅಂಗಡಿ ಇಟ್ಟೇವೇನು? ಈಗ ಊರಾಗ ಮಂದಿ ಅಂತಾರ, ಬೆಂಕಿ ಇಲ್ಲದ ಹೊಗಿ ಎಲ್ಲಿಂದ ಬಂತು, ಸೋಮಲಿಂಗನ ಮನ್ಯಾಗ ಏನೋ ಇದ್ದೀತು, ಅದಕ್ಕಽ ಸಾವ್ಕಾರ ಬಂದಾನಂತ. ಟೇಶನ್ ಬಾಜೂಕಿನ ಚಹಾದಂಗಡಿ ಮುಂದ ನಿಂತು ಎಲ್ಲಾರಿಗೂ ಕೇಳೂ ಹಂಗ ಹೇಳು, ಇದು ಗಾಡಿ, ಈ ಮನಿಯವರು ಹಂದಿ ಹೊಡಿಯವರಲ್ಲಂತ. ಆಮ್ಯಾಲೆ ಒಯ್ಯಿ ನಿನ್ನ ಮೂತಿ."

ಸೋಮಲಿಂಗ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ನೋಡಿ ಜಿನಪಾಲನ ಬಾಯಿಗೆ ಬಂದ ಇನ್ನೊಂದು ಮಾತು ಅಲ್ಲಿಯೇ ಉಳಿಯಿತು. ಮಂದಿ ಕಟ್ಟಿದ ಸುಳ್ಳು ಹೇಗೆ ಸುಡುತ್ತದೆ ಎಂಬುದನ್ನು ಅವನಿಗೆ ಆ ಹೊತ್ತಿನಲ್ಲಿ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಚಹಾದಂಗಡಿಯ ಮುಂದೆ ಅವನು ಮಾಡಿದ ಭಾಷಣವನ್ನು ಗುಂಜಿಯವರು ಇನ್ನೂ ನೆನೆಯುತ್ತಾರೆ. ತಪ್ಪಾಯಿತು ಎಂಬ ಒಂದು ಮಾತು ಅದರೊಳಗೆ ಎಲ್ಲಿಯೋ ಇತ್ತು, ಆದರೆ ಅದನ್ನೂ ಅವನು ಬೈಗುಳದ ದನಿಯಲ್ಲಿಯೇ ಹೇಳಿದ. "ಕೇಳ್ರಿ ಎಲ್ಲಾರೂ! ಡುಕ್ಕರ್ ಅಂದ್ರ ಗಾಡಿ! ಬಂಡೆಪ್ಪನ ಮನಿಯವರು ಹಂದೀನ ಹೊಡಿಯವರಲ್ಲ, ನಾ ತಿನ್ನಾಂವಲ್ಲ! ನನ್ನ ಮಾತು ಮೋಟು ಬಿತ್ತು, ತಪ್ಪಾತು, ಮುಗೀತು!" ಅಲ್ಲಿದ್ದ ಅರ್ಧ ಮಂದಿ ಮರಾಠಿಯವರೆಂದು ಈರಯ್ಯ ನೆನಪು ಮಾಡಿದ ಮೇಲೆ ಮತ್ತೆ ಹೊರಳಿ ನಿಂತು, "ಐಕಾ! ಡುಕ್ಕರ್ ಮ್ಹಣ್ಜೆ ಗಾಡಿ! ಜನಾವರ ನಾಹೀ!" ಎಂದು ಕೂಗಿದ. ಹಾಯ್ದು ಹೋಗುವ ಗೂಡ್ಸ್ ರೈಲಿನ ಸದ್ದಿನಲ್ಲಿ ಕೊನೆಯ 'ನಾಹೀ', ಅಂದರೆ ಅಲ್ಲ ಎಂಬ ಶಬ್ದ, ಮುಳುಗಿತೆಂದು ಅನಿಸಿ, ರೈಲು ದಾಟುವ ತನಕ ಕಾಯ್ದು ಅದನ್ನೊಂದೇ ಮತ್ತೊಮ್ಮೆ ಹೇಳಿದ.

ಸತ್ಯವ್ವನಿಗೆ ಒಪ್ಪಿಗೆಯಾಯಿತು. ಈರಯ್ಯ ಗೂಡಿಗೆ ತಂತಿಯ ಜಾಳಿಗೆ ಬಿಗಿದುಕೊಟ್ಟ. ಹೊರಡುವಾಗ ಅವಳು, "ಉಂಡ ಹೋಗ್ರಿ, ಬಟಾಟಿ ಹಾಕಿಲ್ಲ" ಅಂದಳು. ಬಟಾಟಿಯ ಸುದ್ದಿ ಅವಳ ತನಕ ಹೇಗೆ ಮುಟ್ಟಿತೆಂದು ಜಿನಪಾಲನಿಗೆ ಕೇಳುವ ಧೈರ್ಯ ಆಗಲಿಲ್ಲ. ಉಂಡೇ ಹೋದ.

ಮರಳಿ ಬರುವಾಗ ಈರಯ್ಯ ಮೂತಿಗೆ ಚಾದರ ಹೊದಿಸಲು ಹೋದ. "ತಗೀ ಅದನ್ನ!" ಅಂದ ಜಿನಪಾಲ. ಮೂತಿಯನ್ನು ಟೆಂಪೊದ ಹಿಂದೆ ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಹಗ್ಗ ಕಟ್ಟಿಸಿದ. ಖಾನಾಪುರದ ಪೇಟೆಯಲ್ಲಿ ಬೇಕೆಂದೇ ಚಹಾಕ್ಕೆ ನಿಲ್ಲಿಸಿದ. ಬೆಳಗಾವಿಯಲ್ಲಿ ನೆಟ್ಟಗೆ ಅಂಗಡಿಗೆ ಹೋಗದೆ ತನ್ನವರು ಇರುವ ಗಲ್ಲಿಗಳನ್ನೆಲ್ಲ ಸುತ್ತಿಸಿದ. ನೋಡಿದವರು ನಕ್ಕರು. ನಗಲಿ, ನೋಡಿದರಲ್ಲ.

ಸಂಜೆಯಾಗುವ ಮೊದಲೇ ಬಾಳಾಸಾಹೇಬರ ಫೋನು ಬಂತು. "ಸಿಕ್ತಂತಲ್ಲೋ ಜಿನಪಾಲ! ಭಲೇ! ಯಾವಾಗ ಕೂಡಸ್ತಿ?"

"ಕೂಡ್ಸಂಗಿಲ್ಲ."

"ಯಾಕೋ?"

"ನಿಮಗ ನಗಾಕ ಮೂತಿ ಐತೆಲ್ಲಾ, ಮತ್ತೊಂದು ಎದಕ?"

"ಏ, ಚಾಷ್ಟಿ ಮಾಡಿದ್ನೋ ಮಾರಾಯಾ. ಇಷ್ಟು ಸಿಟ್ಟಾಗತಾರೇನು?"

"ಸಮಾಜದಾಗ ನನ್ನ ಹೆಂಡತಿ ಒಬ್ಬಾಕೀನ ಕೂಗಿ ಹೇಳಾಕತ್ತಿದ್ಲು, ಅದು ಗಾಡಿ ಅಂತ. ನೀವು ಹಿರ್ಯಾರು, ಗಾಡಿ ನಿಮ್ಮದು. ಹೂಂ ಅಂತ ಒಂದ ಅಕ್ಷರ ಬರದ್ರ ನಿಮ್ಮ ಬಟ್ಟು ಸವೀತಿತ್ತೇನ್ರಿ? ಹಲ್ಲು ಹಾಕಾಕ ಬಟ್ಟು ಹೋತು, ಖರೇ ಹೇಳಾಕ ಹೋಗಲಿಲ್ಲ?"

ಜಿನಪಾಲ ಫೋನು ಇಟ್ಟ.

ರಾತ್ರಿ ಮೂತಿಯನ್ನು ಯಾರಿಗೂ ಕೊಡುವುದಿಲ್ಲವೆಂದು ಹೇಳಿ ಮಲಗಿದವನಿಗೆ ಜಿನಮತಿ ಒಂದೇ ಮಾತು ಕೇಳಿದಳು: "ಹಂಗಾದ್ರ ನಾಳೆಯಿಂದ ಶೇಂಗಾ ಎಲ್ಲಿಂದ ತರಸೂದು?" ಕೊಟ್ಟ ಮಾತೂ ಬಸದಿಯ ಅಂಗಳದಲ್ಲಿಯೇ ಕೊಟ್ಟದ್ದು, ಮೂತಿ ತರುತ್ತೇನೆ ಅಂದದ್ದಲ್ಲ, ತಂದು ಕೊಡುತ್ತೇನೆ ಅಂದದ್ದು. ಮುಂಜಾನೆ ಎದ್ದವನೇ ಬಾಳಾಸಾಹೇಬರಿಗೆ ಹೇಳಿಕಳಿಸಿದ: ರವಿವಾರ ಪೂಜೆ ಮುಗಿಯುವ ಹೊತ್ತಿಗೆ ಬಸದಿಯ ಗೇಟಿನ ಹೊರಗೆ ಗಾಡಿ ತರಬೇಕು. ಡ್ರೈವರನ ಕೈಲಿ ಅಲ್ಲ, ತಾವೇ ನಡೆಸಿಕೊಂಡು.

ಬಾಳಾಸಾಹೇಬರು ಬಂದರು. ಬಿಳಿ ಕೋಟು, ತಲೆಗೆ ಟೊಪ್ಪಿಗೆ, ಕೆಳಗೆ ಮೂತಿಯಿಲ್ಲದ ಗಾಡಿ. ಪೂಜೆಯಿಂದ ಹೊರಬಂದ ಮಂದಿ ಸುತ್ತಲೂ ನಿಂತರು. ಜಿನಪಾಲ ಮೂತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ.

"ಬಾಳಾಸಾಹೇಬ್ರ, ಇದೇನು?"

"ಮೂತಿ."

"ಎದರದು?"

ಬಾಳಾಸಾಹೇಬರು ಅತ್ತಿತ್ತ ನೋಡಿದರು. ಮೀಸೆಯಲ್ಲಿ ಇನ್ನೂ ತುಸು ನಗೆ ಇತ್ತು. ಜಿನಪಾಲನ ಮುಖ ನೋಡಿ ಅದು ಇಳಿಯಿತು. "ಡುಕ್ಕರದ್ದು."

"ಎಲ್ಲೈತಿ ಆ ಡುಕ್ಕರು?"

"ನಾ ಕುಂತೇನಲ್ಲೋ, ಇದಽ."

"ವಿಡಿಯೋ ನೋಡಿದಾಗ ಗೊ‌ತ್ತಿತ್ತೋ ಇಲ್ಲೋ ನಿಮಗ?"

"ಗೊತ್ತಿತ್ತಪಾ." ಗಾಡಿಯಿಂದ ಇಳಿದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹೇಳಬೇಕಿತ್ತು. ಹೇಳಲಿಲ್ಲ. ನಗು ಹೆಚ್ಚಾತು ನನಗ. ಜಿನಮತೀಗೂ ಹೇಳು."

"ಆಕಿ ಅಲ್ಲೇ ನಿಂತಾಳ, ನೀವಽ ಹೇಳ್ರಿ."

ಹೇಳಿದರು. ಜಿನಮತಿ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದಳು. ಪೂನಮ್ ಎತ್ತಲೋ ನೋಡಿದಳು.

ಈರಯ್ಯ ಪಾನಾ ಕೊಟ್ಟ. ಜಿನಪಾಲ ಮಂಡಿಯೂರಿ ಕುಳಿತು ಮೂತಿ ಕೂಡಿಸತೊಡಗಿದ. ಒಂದೂ ತೂತು ಕೊರೆಯಬೇಕಾಗಲಿಲ್ಲ. ಬೋಲ್ಟುಗಳು ತಮ್ಮ ತಮ್ಮ ಜಾಗದಲ್ಲಿ ತಾವಾಗಿ ಹೋಗಿ ಕುಳಿತವು. ಹಸಿರು ಮೂತಿ, ಬೂದು ಮೈ, ನೋಡಲು ಚಂದವೇನೂ ಇರಲಿಲ್ಲ. ಆದರೂ ಗಾಡಿಗೆ ಮುಖ ಬಂದಿತ್ತು.

ಗಲ್ಲಿಯ ಹಿರಿಯಳಾದ ಸಾವಂತ್ರವ್ವ ಕೋಲೂರಿಕೊಂಡು ಮುಂದೆ ಬಂದು ಜಾಳಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಅಲ್ಲೋ ಜಿನಪಾಲ, ಇಷ್ಟೆಲ್ಲಾ ಗದ್ದಲ ಮಾಡೂ ಬದ್ಲಿ ಫೋನಿನ್ಯಾಗ ಫಿಯಾಟ್ ಅಂದಿದ್ರ ಆಗತಿರಲಿಲ್ಲೇನು?"

ಪಾನಾ ನಿಂತಿತು. ಜಿನಪಾಲ ಮಂಡಿಯ ಮೇಲೆಯೇ ಹೊರಳಿದ. ಅವನ ಕಿವಿಗಳು ಕೆಂಪಾಗತೊಡಗಿದ್ದನ್ನು ಕಂಡು ಈರಯ್ಯ ಮೆಲ್ಲಗೆ ಹಿಂದೆ ಸರಿದ.

"ಫಿಯಾಟ್ ಅಂದ್ರ ಯಾವ ಫಿಯಾಟ್, ಅಕ್ಕಾರ? ಫಿಯಾಟ್ ಏನು ಒಂದ ಐತೇನು? ಇದರ ಹಿಂದಿಂದೂ ಫಿಯಾಟ್, ಇದರ ಮುಂದಿಂದೂ ಫಿಯಾಟ್, ಪದ್ಮಿನೀನೂ ಫಿಯಾಟ್ ಅಂತಾರ ಈ ಮಂದಿ! ಪದ್ಮಿನಿ ಮೂತಿ ಇದಕ್ಕ ಕೂಡತೈತೇನು? ಫಿಯಾಟ್ ಮೂತಿ ಕೊಡು ಅಂದ್ರ ಅಂವಾ ಏನ ತಂದು ಕೊಡತಿದ್ದ ಗೊತ್ತೈತೇನು ನಿಮಗ? ಕುಂದರ್ರಿ ಇಲ್ಲೆ, ಹೇಳತೀನಿ..."

ಸಾವಂತ್ರವ್ವ ಬಸದಿಯ ಕಟ್ಟೆಯ ಮೇಲೆ ಕುಳಿತಳು. ಎರಡು ಬೋಲ್ಟು ಇನ್ನೂ ಬಿಗಿಯುವುದು ಬಾಕಿ ಇತ್ತು. ಬಾಳಾಸಾಹೇಬರು ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡೇ ಬಿಸಿಲಿನಲ್ಲಿ ಕಾಯುತ್ತ ನಿಂತರು.